ಕಾಕ್ರಾಪಾರದ ಥೋರಿಯಂ ಮತ್ತು ಅಂಕಿಗಳ ಕಣಜ

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಕೆಲವು ಕುಟುಂಬಗಳು ಸೂರತ್ತಿನಿಂದ ಬಸ್ಸು ಮಾಡಿಕೊಂಡು ಉಕಾಯಿ ಅಣೆಕಟ್ಟು ನೋಡಲು ಹೋಗಿದ್ದೆವು. ವ್ಯಾರಾ ಸಮೀಪಿಸಿದಾಗ, "ಇಲ್ಲೇ ಹತ್ತಿರ ಕಾಕ್ರಾಪಾರ ಅಣು ವಿದ್ಯುತ್ ಕೇಂದ್ರ ಇದೆ" ಎಂದು ಮಕ್ಕಳಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ. ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಅಂಕಲ್, ರಿಯಾಕ್ಟರ್ ಒಳಗೆ ಯಾರೂ ಇಣುಕಿ ನೋಡೋಕಾಗಲ್ಲ ಅಲ್ವಾ? ಮತ್ತೆ ಒಳಗೆ ಏನಾಗುತ್ತೆ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?"

"ಲೆಕ್ಕ ಹಾಕ್ತಾರಪ್ಪ" ಎಂದೆ.

"ಲೆಕ್ಕಕ್ಕೆ ಅಂಕಿ ಎಲ್ಲಿಂದ ಬರುತ್ತೆ?"

ಈ ಮರುಪ್ರಶ್ನೆಗೆ ನನ್ನ ಬಿ.ಎಸ್‌ಸಿ. ಸಾಲಲಿಲ್ಲ. ಊರಿಗೆ ಮರಳಿದ ಮೇಲೆ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡದ್ದನ್ನು ಆ ಹುಡುಗನಿಗೂ ನಮ್ಮ ಓದುಗರಿಗೂ ಒಪ್ಪಿಸುತ್ತಿದ್ದೇನೆ.

ರಿಯಾಕ್ಟರಿನ ಕಥೆಯೆಲ್ಲ ನ್ಯೂಟ್ರಾನಿನ ಪ್ರಯಾಣದ ಕಥೆ. ಒಂದು ಪರಮಾಣು ಒಡೆದಾಗ ಹೊರಬಿದ್ದ ನ್ಯೂಟ್ರಾನು ದಾರಿಯಲ್ಲಿ ಎಷ್ಟೋ ಬೀಜಗಳಿಗೆ ಡಿಕ್ಕಿ ಹೊಡೆಯುತ್ತದೆ. ಕೆಲವು ಅದನ್ನು ಹಿಂದಕ್ಕೆ ತಳ್ಳುತ್ತವೆ, ಕೆಲವು ನುಂಗಿಬಿಡುತ್ತವೆ, ಕೆಲವು ತಾವೇ ಒಡೆದು ಹೊಸ ನ್ಯೂಟ್ರಾನುಗಳನ್ನು ಕೊಡುತ್ತವೆ. ಯಾವುದು ಎಷ್ಟು ಸಂಭವ ಎಂಬುದಕ್ಕೆ ವಿಜ್ಞಾನಿಗಳು ಇಟ್ಟ ಅಳತೆಯ ಹೆಸರು 'ಬಾರ್ನ್'. 1942ರ ಡಿಸೆಂಬರಿನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಭೌತಶಾಸ್ತ್ರಜ್ಞರು ಊಟದ ಹೊತ್ತಿನಲ್ಲಿ ತಮಾಷೆಗೆ ಇಟ್ಟ ಹೆಸರಿದು. ಬಾರ್ನ್ ಎಂದರೆ ರೈತನ ಹುಲ್ಲುಕಾಳಿನ ಕೊಟ್ಟಿಗೆ, ನಮ್ಮ ಕಡೆಯ ಕಣಜವೆನ್ನಿ. ನ್ಯೂಟ್ರಾನಿನ ಪಾಲಿಗೆ ಪರಮಾಣು ಬೀಜ ಕಣಜದಷ್ಟು ದೊಡ್ಡ ಗುರಿ ಎಂಬ ವಿನೋದ. ಯುದ್ಧಕಾಲದ ಗುಟ್ಟಿನ ಕೆಲಸಕ್ಕೆ ಹೊರಗಿನವರಿಗೆ ಅರ್ಥವಾಗದ ಪದವೂ ಬೇಕಾಗಿತ್ತು.

ಕಷ್ಟವಿರುವುದು ಇಲ್ಲಿಂದ ಮುಂದೆ. ಒಂದೇ ಧಾತುವನ್ನು ಮೂರು ದೇಶಗಳಲ್ಲಿ ಅಳೆದರೆ ಮೂರು ಅಂಕಿ ಬರುತ್ತದೆ. ನ್ಯೂಟ್ರಾನಿನ ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕೆಲವು ವೇಗಗಳಲ್ಲಿ ಯಾರೂ ಅಳೆದೇ ಇರುವುದಿಲ್ಲ. ಆದರೆ ಲೆಕ್ಕದ ಯಂತ್ರಕ್ಕೆ ಪ್ರತಿಯೊಂದು ವೇಗಕ್ಕೂ ಒಂದೇ ಅಂಕಿ ಬೇಕು. ಆದುದರಿಂದ ಅನುಭವಿಗಳು ಕುಳಿತು, ಯಾವ ಪ್ರಯೋಗದಲ್ಲಿ ಯಾವ ದೋಷವಿತ್ತೆಂದು ಪರಿಶೀಲಿಸಿ, ಖಾಲಿ ಜಾಗಗಳನ್ನು ಸಿದ್ಧಾಂತದಿಂದ ತುಂಬಿ, ಕೊನೆಗೊಂದು ತೀರ್ಮಾನದ ಅಂಕಿಯನ್ನು ಬರೆಯುತ್ತಾರೆ. ಹೀಗೆ ತಾಳೆ ನೋಡಿ ಒಪ್ಪಿದ ಅಂಕಿಗಳ ಸಂಗ್ರಹವೇ 'ಮೌಲ್ಯಮಾಪಿತ ದತ್ತಾಂಶ ಭಂಡಾರ'. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ವೋಚರು ತಾಳೆ ಹಾಕಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಶಾಖೆಗಳ ಮೊತ್ತ ಹೊಂದದಿದ್ದರೆ ಎರಡನ್ನೂ ಕೂಡಿಸಿ ಅರ್ಧ ಮಾಡುವವನು ಗುಮಾಸ್ತನಲ್ಲ. ತಪ್ಪು ಯಾವ ಕಾಗದದಲ್ಲಿದೆ ಎಂದು ಹುಡುಕಬೇಕು.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ 1955ರಲ್ಲಿ ಇಂಥ ಅಂಕಿಗಳ ಪುಸ್ತಕವೊಂದನ್ನು ಹೊರತಂದಿತು. ಹಲವು ಸಂಸ್ಥೆಗಳು ಕೂಡಿ 1968ರಲ್ಲಿ ಗಣಕಯಂತ್ರವೇ ಓದಬಲ್ಲ ಮೊದಲ ಇ.ಎನ್.ಡಿ.ಎಫ್./ಬಿ ಭಂಡಾರವನ್ನು ಸಿದ್ಧಪಡಿಸಿದವು. 1974ರಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂತು. ಮೂಲ ಪ್ರಯೋಗಗಳ ಫಲಿತಾಂಶಗಳನ್ನು ದೇಶದೇಶಗಳ ನಡುವೆ ವಿನಿಮಯ ಮಾಡಿಕೊಳ್ಳಲು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನೆರವಿನಿಂದ 'ಎಕ್ಸ್‌ಫೋರ್' ಎಂಬ ಏರ್ಪಾಡೂ ಆಯಿತು.

ಅದೇ 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತದ ಮೊದಲ ಅಣುಸ್ಫೋಟ ನಡೆಯಿತು. ಆ ತಂಡದ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾರಾಮಣ್ಣ ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಕೆನಡಾ ತನ್ನ ಸಹಕಾರವನ್ನು ನಿಲ್ಲಿಸಿತು. ಭಾರಜಲ ರಿಯಾಕ್ಟರುಗಳನ್ನು ನಮ್ಮವರೇ ಕಟ್ಟಬೇಕಾಯಿತು. ಆ ಕಾರ್ಯದಲ್ಲಿ ಮುಂದೆ ನಿಂತವರು ಬೆಂಗಳೂರಿನ ಡಾ. ಎಂ. ಆರ್. ಶ್ರೀನಿವಾಸನ್. 1979ರ ಹೊತ್ತಿಗೆ ಹೊರಟ ಇ.ಎನ್.ಡಿ.ಎಫ್./ಬಿ ಐದನೆಯ ಆವೃತ್ತಿಯ ಬಹುಭಾಗವನ್ನು ಅಮೆರಿಕವು ತಾನು ಮತ್ತು ಕೆನಡಾ ಬಿಟ್ಟು ಮಿಕ್ಕ ದೇಶಗಳಿಗೆ ಕೊಡಲಿಲ್ಲ. 1990ರಲ್ಲಿ ಆರನೆಯ ಆವೃತ್ತಿ ಬಂದ ಮೇಲೆಯೇ ಬಾಗಿಲು ಎಲ್ಲರಿಗೂ ತೆರೆದದ್ದು. ಹತ್ತು ವರ್ಷಕ್ಕೂ ಮಿಕ್ಕಿ ಹಳೆಯ ಅಂಕಿಗಳಲ್ಲೇ ಸಂಸಾರ ಸಾಗಿಸಬೇಕಾಗಿತ್ತು. ಉಕ್ಕು, ಸಿಮೆಂಟುಗಳನ್ನು ಕೊಡದಿರುವುದು ಎಲ್ಲರಿಗೂ ಕಾಣುವ ನಿರಾಕರಣೆ. ಅಂಕಿಯನ್ನು ಕೊಡದಿರುವುದೂ ನಿರಾಕರಣೆಯೇ ಎಂಬುದು ನನಗೆ ಹೊಸದಾಗಿ ತಿಳಿಯಿತು.

ಕಾಕ್ರಾಪಾರದ ಮೊದಲ ಘಟಕ ಕಟ್ಟಲಾರಂಭವಾದದ್ದು ಆ ಕಾಲದಲ್ಲೇ, 1984ರಲ್ಲಿ. ಈ ಮಾದರಿಯ ರಿಯಾಕ್ಟರಿನಲ್ಲಿ 306 ಕೊಳವೆಗಳು, ಒಂದೊಂದರಲ್ಲಿ 12 ಇಂಧನದ ಕಟ್ಟುಗಳು, ಒಟ್ಟು 3672. ಎಲ್ಲವೂ ಹೊಸ ಯುರೇನಿಯಂ ಆದರೆ ಮಧ್ಯಭಾಗದಲ್ಲಿ ಶಾಖ ವಿಪರೀತವಾಗಿ, ಅಂಚಿನಲ್ಲಿ ಮಂದವಾಗುತ್ತದೆ. ಒಲೆಯ ನಡುವೆ ಮಾತ್ರ ಉರಿ ಎದ್ದು ದೋಸೆ ನಡುವೆ ಸೀದು ಅಂಚು ಬೇಯದಂತೆ. ಇದನ್ನು ಸಮಮಾಡಲು ಹಿಂದೆ ಸತ್ವ ತೆಗೆದ ಯುರೇನಿಯಂ ಇಡುತ್ತಿದ್ದರು. ಕಾಕ್ರಾಪಾರದಲ್ಲಿ ಅದರ ಬದಲು ಆಯ್ದ ಸ್ಥಳಗಳಲ್ಲಿ 35 ಥೋರಿಯಂ ಕಟ್ಟುಗಳನ್ನು, ಸುಮಾರು 500 ಕಿಲೋ, ಇಟ್ಟರು. ಹೀಗೆ ಥೋರಿಯಂ ಬಳಸಿದ ರಿಯಾಕ್ಟರು ಜಗತ್ತಿನಲ್ಲಿ ಇದೇ ಮೊದಲು. ನಿಧಾನಗತಿಯ ನ್ಯೂಟ್ರಾನನ್ನು ನುಂಗುವ ಸಾಮರ್ಥ್ಯ ಸಾಮಾನ್ಯ ಯುರೇನಿಯಂ-238ಕ್ಕೆ ಸುಮಾರು 2.7 ಬಾರ್ನ್ ಇದ್ದರೆ ಥೋರಿಯಂಗೆ ಸುಮಾರು 7.4. ಎಲ್ಲಿಟ್ಟರೆ ಶಾಖ ಸಮನಾಗುತ್ತದೆ, ಎಲ್ಲಿಟ್ಟರೆ ರಿಯಾಕ್ಟರನ್ನು ನಿಲ್ಲಿಸುವ ಸರಳುಗಳ ಶಕ್ತಿಗೆ ಕುಂದು ಬರುವುದಿಲ್ಲ ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿ ನಿಶ್ಚಯಿಸಿದ್ದರು. 1992ರ ಸೆಪ್ಟೆಂಬರ್ 3ರಂದು ಘಟಕ ಜೀವತಳೆಯಿತು.

ನುಂಗಿದ ಥೋರಿಯಂ ಸುಮ್ಮನಿರುವುದಿಲ್ಲ. ಅದು ಪ್ರೊಟಾಕ್ಟಿನಿಯಂ ಆಗಿ, ಆ ಪ್ರೊಟಾಕ್ಟಿನಿಯಂ 27 ದಿನಗಳ ಅರ್ಧಾಯುಷ್ಯದಲ್ಲಿ ಕರಗುತ್ತಾ ಯುರೇನಿಯಂ-233 ಎಂಬ ಹೊಸ ಇಂಧನವಾಗುತ್ತದೆ. ನಮ್ಮ ಕಡಲತೀರದ ಮರಳಿನಲ್ಲಿ ಥೋರಿಯಂ ಹೇರಳ, ಯುರೇನಿಯಂ ಕಡಿಮೆ. ಆದ್ದರಿಂದ ಈ ದಾರಿ ನಮಗೆ ಮುಖ್ಯ. ಶ್ರೀಮಂತ ದೇಶಗಳು ಯುರೇನಿಯಂ ದಾರಿಯಲ್ಲಿ ನಡೆದವು, ತಮಗೆ ಬೇಕಾದ ಅಂಕಿಗಳನ್ನು ಮತ್ತೆ ಮತ್ತೆ ಅಳೆದವು. ಥೋರಿಯಂ ಬಳಗದ ಅಂಕಿಗಳು ಬಹುಕಾಲ ಬಡವಾಗಿಯೇ ಉಳಿದವು. ನಮ್ಮ ಮನೆಯ ಹೊಲವನ್ನು ನೆರೆಯವರು ಅಳೆದುಕೊಡುವರೇ?

ಈಗ ಆ ಅಳತೆ ನಮ್ಮ ನಡುವೆಯೇ ನಡೆಯುತ್ತಿರುವುದು ಸಂತೋಷದ ಸಂಗತಿ. 2012ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ಭಾಭಾ ಅಣುಸಂಶೋಧನಾ ಕೇಂದ್ರದವರೊಡನೆ ಕೂಡಿ, ಮುಂಬಯಿಯ ಪೆಲೆಟ್ರಾನ್ ಯಂತ್ರದಲ್ಲಿ, 5.9 ಮತ್ತು 15.5 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಾನುಗಳನ್ನು ಥೋರಿಯಂ ಎಷ್ಟು ನುಂಗುತ್ತದೆಂದು ಅಳೆದು ತೋರಿಸಿದ್ದಾರೆ. ವಡೋದರಾದ ನಮ್ಮ ಸದಸ್ಯರು ದಿನವೂ ಹಾದುಹೋಗುವ ಆ ಆವರಣದ ವಿದ್ಯಾರ್ಥಿಗಳ ಬೆವರು ಆ ಎರಡು ಅಂಕಿಗಳಲ್ಲಿದೆ.

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಉಂಟು. ಭಾರತದ ಪ್ರಯೋಗಗಳನ್ನು ಎಕ್ಸ್‌ಫೋರ್ ಭಂಡಾರಕ್ಕೆ ಸೇರಿಸಲು ಕಲಿಸುವ ಶಿಬಿರಗಳು 2006ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 2015ರಲ್ಲಿ ಬೆಂಗಳೂರಿಗೂ ಬಂದವು. ಮಣಿಪಾಲದ ಸಂಖ್ಯಾಶಾಸ್ತ್ರಜ್ಞರು ಇನ್ನೊಂದು ಸೂಕ್ಷ್ಮ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ಅಂಕಿಗಳ ಅನಿಶ್ಚಿತತೆಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ? ಎರಡು ಅಂಗಡಿಯವರು ಒಂದೇ ತಕ್ಕಡಿಯಿಂದ ತೂಗಿದರೆ ಅವರ ತೂಕಗಳು ಹೊಂದುವುದು ಸಹಜ. ತಕ್ಕಡಿಯೇ ಕೆಟ್ಟಿದ್ದರೆ ಇಬ್ಬರು ಸಾಕ್ಷಿಗಳೂ ಒಬ್ಬನೇ. ಇದನ್ನು ಗಣಿತದಲ್ಲಿ ಹಿಡಿದಿಡುವುದೇ ಅವರ ಕೆಲಸ.

ಇನ್ನು ಆ ಹುಡುಗನ ಪ್ರಶ್ನೆಗೆ ಉತ್ತರ. ಮಗು, ರಿಯಾಕ್ಟರಿನ ಒಳಗೆ ಇಣುಕಲಾಗದು ನಿಜ. ಎಲ್ಲೋ ಯಾರೋ ಪ್ರಾಮಾಣಿಕವಾಗಿ ಅಳೆದು, ಇನ್ನಾರೋ ಅದನ್ನು ಅನುಮಾನದಿಂದ ತಾಳೆ ನೋಡಿ, ತನ್ನ ತಪ್ಪಿನ ಮಿತಿಯನ್ನೂ ಪಕ್ಕದಲ್ಲೇ ಬರೆದಿಟ್ಟ ಅಂಕಿಗಳ ಮೂಲಕ ನಾವು ಅಲ್ಲಿ ಇಣುಕುತ್ತೇವೆ. ಕಾಕ್ರಾಪಾರದಲ್ಲಿ 2020 ಮತ್ತು 2023ರಲ್ಲಿ 700 ಮೆಗಾವಾಟಿನ ಇನ್ನೆರಡು ಘಟಕಗಳು ಜೀವತಳೆದಿವೆ. ಆದರೆ ಥೋರಿಯಂನ ಕಣಜ ಇನ್ನೂ ತುಂಬಿಲ್ಲ. ಸೂರತ್ತಿನಲ್ಲಿ ಬೆಳೆಯುತ್ತಿರುವ ಕನ್ನಡದ ಹುಡುಗನೊಬ್ಬ ಮುಂದೆ ಅದಕ್ಕೊಂದು ಹಿಡಿ ಕಾಳು ಸುರಿದರೆ, ಅವತ್ತು ಬಸ್ಸಿನಲ್ಲಿ ಉತ್ತರ ಹೇಳಲಾಗದೆ ಕಿಟಕಿಯ ಕಡೆ ತಿರುಗಿದ ಈ ಗುಮಾಸ್ತನಿಗೆ ಅಷ್ಟೇ ಸಾಕು.