ಬೀದರ ಸೀಮೆಯ ಬಸ್ಸು ಮತ್ತು ಗೇರ್‌ಬಾಕ್ಸಿನ ಹಲ್ಲು

1932ರಲ್ಲಿ ನಿಜಾಮ ಸರ್ಕಾರದ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆಯು 27 ಬಸ್ಸುಗಳೊಂದಿಗೆ ಸೇವೆ ಆರಂಭಿಸಿದಾಗ, ಭಾಲ್ಕಿ, ಔರಾದ, ಠಾಣಾ ಕುಶನೂರಗಳಿರುವ ಬೀದರ ಸೀಮೆಯು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು; 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಹಾಗೆಯೇ ಇತ್ತು. ಆ ಕಾಲದ ಭಾರಿ ವಾಹನಗಳಲ್ಲಿ ಹಲ್ಲುಚಕ್ರಗಳನ್ನು ಸರಿಸಿ ಕೂಡಿಸುವ ಗೇರ್‌ಬಾಕ್ಸೇ ಸಾಮಾನ್ಯವಾಗಿದ್ದು, ಚಾಲಕನು ಕ್ಲಚ್ಚನ್ನು ಎರಡು ಸಲ ಒತ್ತಿ ವೇಗ ಹೊಂದಿಸದಿದ್ದರೆ ಹಲ್ಲಿನ ಅಂಚು ಮುರಿಯಬಹುದಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸಿಂಕ್ರೊಮೆಶ್, ಅಂದರೆ ಘರ್ಷಣೆಯಿಂದ ಚಕ್ರಗಳ ವೇಗವನ್ನು ಸಮಗೊಳಿಸುವ ವ್ಯವಸ್ಥೆ, ಕ್ರಮೇಣ ಹಬ್ಬಿದ ಮೇಲೆ ಮೇಸ್ತ್ರಿಯು ಈ ಘರ್ಷಣೆ ಒದಗಿಸುವ ಹಿತ್ತಾಳೆ ಉಂಗುರವನ್ನೂ ಪರೀಕ್ಷಿಸಬೇಕಾಯಿತು. ಅದರ ಒಳಗೀರುಗಳು ಸವೆದಿದ್ದರೆ ಹಿಡಿತವಿರದು. ಬದಲಿ ಹಾಕುವ ಗೇರಿನಲ್ಲೂ ಎಚ್ಚರ ಬೇಕು: ಹೊರಮೈ ಗಡಸಾಗಿ ಒಳತಿರುಳು ಪೆಟ್ಟು ತಾಳುವಂತೆ ಹದಗೊಳಿಸದ ಅಗ್ಗದ ಗೇರು ಭಾರದಡಿ ಬೇಗ ಚಕ್ಕೆ ಏಳುತ್ತದೆ. ಒಟ್ಟಿಗೆ ಸವೆದ ಜೋಡಿಯಲ್ಲಿ ಒಂದನ್ನಷ್ಟೇ ಬದಲಿಸುವುದು ಉಳಿತಾಯವಲ್ಲ, ಸಾಮಾನ್ಯವಾಗಿ ನಷ್ಟವೇ.