ಬೆಳಗಾವಿ–ಖಾನಾಪುರ: ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲೆಯ ಹಕ್ಕು ನಡೆದು ಬಂದ ದಾರಿ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಇಲ್ಲಿಯ ಅಂಗವಿಕಲ ಮಕ್ಕಳ ಶಿಕ್ಷಣದ ಮೊದಲ ಅಧ್ಯಾಯವನ್ನು ಮೈಸೂರಿಗಿಂತ ಮುಂಬಯಿಯಲ್ಲಿಯೇ ಹುಡುಕಬೇಕಾಗುತ್ತದೆ. 1880ರ ದಶಕದಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳ ಶಾಲೆ ತೆರೆಯಿತು. 1900ರಲ್ಲಿ ಅಮೆರಿಕನ್ ಮಿಶನ್ನಿನ ಆನಾ ಮಿಲ್ಲರ್ಡ್ ಅಲ್ಲಿಯೇ ಅಂಧ ಮಕ್ಕಳಿಗೆ ಪಾಠ ಆರಂಭಿಸಿದರು. ಧರ್ಮಬುದ್ಧಿಯಿಂದ ಹುಟ್ಟಿದ ಈ ಶಾಲೆಗಳ ಉಪಕಾರ ದೊಡ್ಡದೇ ಆದರೂ, ಅವು ಮಗುವಿಗೆ ದೊರೆತದ್ದು ದಯೆಯಾಗಿಯೇ ಹೊರತು ಹಕ್ಕಾಗಿ ಅಲ್ಲ.

ಏಕೀಕರಣದ ನಂತರದ ಕರ್ನಾಟಕದಲ್ಲಿ ಶ್ರವಣದೋಷವುಳ್ಳ ಮಕ್ಕಳಿಗಾಗಿ ಮೈಸೂರು, ಬೆಳಗಾವಿ, ಕಲಬುರಗಿ ಮತ್ತು ಬಳ್ಳಾರಿಗಳಲ್ಲಿ ಸರ್ಕಾರಿ ಶಾಲೆಗಳು ನಡೆದವು; ಬೆಳಗಾವಿ ನಗರದಲ್ಲಿ ಮಾಹೇಶ್ವರಿ ಅಂಧರ ಶಾಲೆಯಂಥ ಖಾಸಗಿ ಸಂಸ್ಥೆಗಳೂ ಬೆಳೆದವು. ಇಂಥವನ್ನು ವಿಶೇಷ ಶಾಲೆಗಳೆನ್ನುತ್ತಾರೆ, ಅಂದರೆ ಒಂದೇ ಬಗೆಯ ನ್ಯೂನತೆಯುಳ್ಳ ಮಕ್ಕಳನ್ನು ಒಂದೆಡೆ ಸೇರಿಸಿ, ಅದಕ್ಕೆಂದೇ ತರಬೇತಾದ ಶಿಕ್ಷಕರಿಂದ ಕಲಿಸುವ ವ್ಯವಸ್ಥೆ. ಆದರೆ ಇವು ನಗರದಲ್ಲಿದ್ದವು, ಮಕ್ಕಳು ಹಳ್ಳಿಗಳಲ್ಲಿದ್ದರು. ತಾಲ್ಲೂಕು ಕೇಂದ್ರವಾದ ಖಾನಾಪುರ ಪಟ್ಟಣವು ಬೆಳಗಾವಿಗೆ ರೈಲಿನಲ್ಲಿ ಸಮೀಪವೇ. ಆದರೆ ಅದೇ ತಾಲ್ಲೂಕಿನ ಭೀಮಗಡ ಅರಣ್ಯದೊಳಗಿನ ಗವಾಳಿ, ಕೊಂಗಳಾ, ಪಾಸ್ತೋಳಿಯಂಥ ಊರುಗಳಿಂದ ಮಳೆಗಾಲದಲ್ಲಿ ಹೊರಬರುವುದೇ ಪ್ರಯಾಸವಾಗಿರುವಾಗ, ನಡೆಯಲಾರದ ಮಗುವಿನ ಪಾಲಿಗೆ ನಗರದ ಶಾಲೆ ಇದ್ದೂ ಇಲ್ಲದಂತೆಯೇ. ಹಾಸ್ಟೆಲಿಗೆ ಸೇರಿಸಿದರೆ ಎಳೆಯ ವಯಸ್ಸಿನಲ್ಲಿಯೇ ಮನೆ ಮತ್ತು ಮನೆಮಾತು ಎರಡರಿಂದಲೂ ದೂರವಾಗಬೇಕು.

ಮನೆಮಾತಿನ ಪ್ರಶ್ನೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ಬೆರೆತ ಈ ಗಡಿಸೀಮೆಯಲ್ಲಿ ಸಣ್ಣದಲ್ಲ. ಅಂಧ ಮಕ್ಕಳ ಮಟ್ಟಿಗೆ ಇದನ್ನು ಬಹುಪಾಲು ಹಗುರಗೊಳಿಸಿದ್ದು 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್, ಅಂದರೆ ಭಾರತೀಯ ಭಾಷೆಗಳ ಸಮಾನ ಧ್ವನಿಗಳಿಗೆ ಒಂದೇ ಚುಕ್ಕಿಗುರುತನ್ನು ಗೊತ್ತುಪಡಿಸಿದ ಸ್ಪರ್ಶಲಿಪಿ. ಕನ್ನಡದ 'ಕ'ಕಾರಕ್ಕೂ ಮರಾಠಿಯ 'ಕ'ಕಾರಕ್ಕೂ ಆರು ಚುಕ್ಕಿಗಳ ಮನೆಯಲ್ಲಿ ಒಂದನೆಯ ಮತ್ತು ಮೂರನೆಯ ಚುಕ್ಕಿಗಳೇ ಏಳುವುದರಿಂದ, ಮರಾಠಿ ಮನೆಯ ಮಗು ಕನ್ನಡ ಓದಲು ಹೊಸ ಲಿಪಿಯನ್ನೇ ಕಲಿಯಬೇಕಾಗಿಲ್ಲ. ಕಣ್ಣಿರುವ ಮಕ್ಕಳಿಗೂ ಇಲ್ಲದ ಅನುಕೂಲವಿದು. ಕಿವುಡ ಮಕ್ಕಳಿಗೆ ಇಂಥ ಸೇತುವೆ ಒದಗಲಿಲ್ಲ. ಒಂದು ಭಾಷೆಯನ್ನೇ ಕಷ್ಟಪಟ್ಟು ದಕ್ಕಿಸಿಕೊಳ್ಳುವ ಅವರ ಮೇಲೆ, ಶಾಲೆಯಲ್ಲಿ ಮೂರು ಭಾಷೆ ಕಲಿಯಬೇಕೆಂಬ ತ್ರಿಭಾಷಾ ಸೂತ್ರದ ಹೊರೆ ಬಿತ್ತು. ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ನೀಡುವುದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಹಾಗೂ ಬರೆದುಕೊಡುವ ಲಿಪಿಕಾರರನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಸಂಸತ್ತಿನ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ.

ಆ ಕಾಯ್ದೆಯವರೆಗಿನ ದಾರಿ ನಿಧಾನದ್ದು. ಸಾಮಾನ್ಯ ಶಾಲೆಯಲ್ಲಿಯೇ ಈ ಮಕ್ಕಳನ್ನು ಓದಿಸುವ ಕೇಂದ್ರ ಯೋಜನೆ 1974ರಲ್ಲಿ ಬಂತು. 1995ರ ಅಂಗವಿಕಲರ ಕಾಯ್ದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಭರವಸೆ ಕೊಟ್ಟಿತು. ಆಗ ಏಳಿದ್ದ ಅಂಗವಿಕಲತೆಯ ಬಗೆಗಳು 2016ರಲ್ಲಿ 21 ಆದವು, ಮಂದಬುದ್ಧಿಯೆಂದು ಬೈಸಿಕೊಳ್ಳುತ್ತಿದ್ದ ಕಲಿಕಾ ನ್ಯೂನತೆಯ ಮಕ್ಕಳಿಗೂ ಕಾನೂನಿನಲ್ಲಿ ಹೆಸರು ಸಿಕ್ಕಿತು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ, ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಶಾಲೆಗಳಿಗೂ, ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೂ ಹೋಗಿ ಕಲಿಸುವ ಸಮನ್ವಯ ಶಿಕ್ಷಣ ಪದ್ಧತಿಯೇ ಖಾನಾಪುರದಂಥ ತಾಲ್ಲೂಕಿಗೆ ಹೆಚ್ಚು ಹೊಂದುವಂಥದ್ದು, ಏಕೆಂದರೆ ಇಲ್ಲಿ ದಾರಿ ನಡೆಯಬೇಕಾದವನು ಮಗುವಲ್ಲ, ಶಿಕ್ಷಕ. ಆದರೆ ಚದುರಿದ ಹಳ್ಳಿಗಳ ಇಡೀ ತಾಲ್ಲೂಕನ್ನು ಬೆರಳೆಣಿಕೆಯ ಶಿಕ್ಷಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಪಡಿಸಿದ್ದರೂ, ಹುದ್ದೆಗಳನ್ನು ಸೃಷ್ಟಿಸಿ ಭರ್ತಿ ಮಾಡಿರೆಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಆದೇಶಿಸಬೇಕಾಯಿತು.

ಈ ಹಕ್ಕನ್ನು ಕೇಳುವ ದನಿ ಊರಿನಿಂದಲೇ ಏಳಲು ಕಾನೂನಿನಲ್ಲಿ ಅವಕಾಶವಿದೆ. 2012ರ ತಿದ್ದುಪಡಿಯು ಅಂಗವಿಕಲ ಮಕ್ಕಳನ್ನು ಶಿಕ್ಷಣ ಹಕ್ಕು ಕಾಯ್ದೆಯ 'ಅವಕಾಶವಂಚಿತ ಗುಂಪಿ'ಗೆ ಸೇರಿಸಿದೆ. ಆ ಗುಂಪಿನ ಮಕ್ಕಳ ಪಾಲಕರಿಗೆ ಶಾಲಾ ಸಮಿತಿಯಲ್ಲಿ ಪ್ರಾತಿನಿಧ್ಯ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಬೆಳಗಾವಿ ಮತ್ತು ಖಾನಾಪುರದ ಪ್ರತಿಯೊಂದು ಸರ್ಕಾರಿ ಶಾಲೆಯೂ ಎಸ್‌ಡಿಎಂಸಿ ಎಂಬ ತನ್ನ ಶಾಲಾ ಸಮಿತಿಯ ಮುಂದಿನ ರಚನೆಯಲ್ಲಿ ಈ ತಂದೆತಾಯಿಗಳನ್ನು ಕರೆದು ಕೂರಿಸಿಕೊಳ್ಳಬೇಕು. ಕರೆಯದಿದ್ದರೆ ಅವರು ತಾವಾಗಿಯೇ ಹೋಗಿ ತಮ್ಮ ಸ್ಥಾನವನ್ನು ಕೇಳಿ ಪಡೆಯಬೇಕು.