ದೂರವಾಣಿಯ ಮುಪ್ಪು

ಹಳೆಯ ಮದರಾಸು ರಸ್ತೆ ಹಿಡಿದು ವೈಟ್‌ಫೀಲ್ಡಿನತ್ತ ಹೊರಟವರು ದೂರವಾಣಿನಗರವನ್ನು ಹಾದು ಹೋಗುತ್ತಾರೆ. ಒಂದು ಯಂತ್ರದ ಹೆಸರಿನಲ್ಲಿ, ಅದೂ ಅಚ್ಚುಕಟ್ಟಾದ ಕನ್ನಡ ಹೆಸರಿನಲ್ಲಿ, ಬಡಾವಣೆಯೊಂದು ಬೆಳೆದುದು ಭಾಷೆ ಕಲಿಸುವ ನನ್ನಂಥವನಿಗೆ ಹೆಮ್ಮೆಯ ಸಂಗತಿಯೇ. ಅಲ್ಲಿ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನ ಕರಿಯ ಟೆಲಿಫೋನುಗಳು ದೇಶದ ಕಚೇರಿ ಕಚೇರಿಗಳ ಮೇಜನ್ನೇರಿದವು, ದಶಕಗಟ್ಟಲೆ ದುಡಿದವು.

ಈ ದೀರ್ಘಾಯುಸ್ಸಿಗೆ ಕಾರಣ ಮೈಯ ಗಟ್ಟಿತನವೊಂದೇ ಅಲ್ಲ. ಆ ಉಪಕರಣಕ್ಕೆ ಸ್ವಂತ ಬುದ್ಧಿ ಎಂಬುದಿರಲಿಲ್ಲ. ತಿರುಗಿಸಿದ ಚಕ್ರ ಹಿಂದಕ್ಕೆ ಬರುವಾಗ, ಅಂಕಿ ಎಷ್ಟೋ ಅಷ್ಟು ಬಾರಿ ತಂತಿಯ ವಿದ್ಯುತ್ತು ಕಡಿದು ಕೂಡುತ್ತಿತ್ತು. ಅದನ್ನು ಎಣಿಸಿ, ಯಾರನ್ನು ಯಾರಿಗೆ ಜೋಡಿಸಬೇಕೆಂಬ ಚಿಂತೆಯೆಲ್ಲ ವಿನಿಮಯ ಕೇಂದ್ರದ್ದು. ಮಾತಿಗೆ ಬೇಕಾದ ವಿದ್ಯುತ್ತೂ ಅಲ್ಲಿನ ಬ್ಯಾಟರಿಯಿಂದಲೇ ಹರಿದು ಬರುತ್ತಿತ್ತು. ಬೇಗ ಮುಪ್ಪಾಗುವ ಭಾಗಗಳ ಪೋಷಣೆ ಸರಕಾರದ ಹೊಣೆ. (ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾದವರ ಮುಪ್ಪಿನ ಮಾತು ಬೇರೆ!)

ಸ್ಮಾರ್ಟ್‌ಫೋನು ಆ ಬುದ್ಧಿಯನ್ನೂ ಬ್ಯಾಟರಿಯನ್ನೂ ನಮ್ಮ ಜೇಬಿಗೆ ತಂದಿತು. ಮುಪ್ಪೂ ಜತೆಗೇ ಬಂದಿತು. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಅದರ ಒಳರೋಧ ಹೆಚ್ಚುತ್ತದೆ. ಒಮ್ಮೆಲೇ ಹೆಚ್ಚು ಶಕ್ತಿ ಕೇಳಿದರೆ ಫೋನು ತಟ್ಟನೆ ಆರಿಹೋಗುತ್ತದೆ. ಇದನ್ನು ತಪ್ಪಿಸಲು ಆಪಲ್ ಕಂಪನಿ 2017ರ ಜನವರಿಯಲ್ಲಿ ಹೊರಡಿಸಿದ ತಂತ್ರಾಂಶವು ಬ್ಯಾಟರಿ ಸೊರಗಿದ ಕೆಲವು ಐಫೋನುಗಳ ವೇಗವನ್ನೇ ತಗ್ಗಿಸಿತು. ಆ ಮಾತನ್ನು ಕಂಪನಿ ಬಾಯಿಬಿಟ್ಟು ಒಪ್ಪಿದ್ದು ಡಿಸೆಂಬರಿನಲ್ಲಿ. ಹಾಗೆ ವೇಗ ಕಳೆದುಕೊಂಡ ಮಾದರಿಗಳಲ್ಲಿ ಐಫೋನ್ ಎಸ್‌ಇ ಒಂದು. ಅದೇ ವರ್ಷ ನಮ್ಮ ಪೀಣ್ಯದಲ್ಲಿ ವಿಸ್ಟ್ರಾನ್ ಜೋಡಿಸತೊಡಗಿದ್ದೂ ಆ ಮಾದರಿಯನ್ನೇ. ವೇಗ ತಗ್ಗಿಸಿದ್ದನ್ನು ನಾನು ದೂರುವುದಿಲ್ಲ. ಹೇಳದೆ ತಗ್ಗಿಸಿದ್ದು ಸರಿಯಲ್ಲ. ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿದ್ದ ಫೋನನ್ನು ಮುದಿಯಾಯಿತೆಂದು ಎಷ್ಟು ಮಂದಿ ಮಾರಿಕೊಂಡರೋ! 2020ರಲ್ಲಿ ಫ್ರಾನ್ಸ್ ದೇಶ ಈ ಮೌನಕ್ಕಾಗಿಯೇ 2.5 ಕೋಟಿ ಯೂರೋ ದಂಡ ವಿಧಿಸಿತು.

ಪೀಣ್ಯದ ಕಾರ್ಮಿಕರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅಣ್ಣನಿಂದ ತಂಗಿಗೆ ಇಳಿದ ಫೋನಿನಲ್ಲೇ ಅವರ ಪಾಠ, ಪರೀಕ್ಷೆಯ ಅರ್ಜಿ, ಮನೆಯ ಬ್ಯಾಂಕಿನ ವ್ಯವಹಾರ. ಫೋನು ತಡಮಾಡಿದರೆ ಕಾಯುತ್ತಾರೆ. ಬ್ಯಾಟರಿ ಹೋದರೆ ಬೀದಿಯ ಅಂಗಡಿಯಲ್ಲಿ ಬೇರೆ ಹಾಕಿಸುತ್ತಾರೆ. ಆದರೆ ತಯಾರಕರು ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿ, ಬ್ಯಾಂಕಿನ ಆ್ಯಪು ಈ ಫೋನಿನಲ್ಲಿ ನಡೆಯದೆಂದಾಗ ಆ ಅಂಗಡಿಯವನೂ ಕೈಚೆಲ್ಲುತ್ತಾನೆ. ಗಾಜು ಒಡೆದಿರುವುದಿಲ್ಲ, ಮಾತು ಸ್ಪಷ್ಟವಾಗಿಯೇ ಕೇಳುತ್ತಿರುತ್ತದೆ. ಯೂರೋಪಿನ ಒಕ್ಕೂಟವು 2025ರ ಜೂನ್ 20ರಿಂದ ಹೊಸ ಮಾದರಿಗಳಿಗೆ ಒಂದು ಕಟ್ಟಳೆ ಹಾಕಿದೆ: ಮಾರುಕಟ್ಟೆಗೆ ಬಿಡುವುದು ನಿಂತ ಮೇಲೂ 5 ವರ್ಷ ತಂತ್ರಾಂಶ, 7 ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮ ಶಾಸನಸಭೆಗಳಲ್ಲಿ ಈ ವಿಷಯವನ್ನು ಯಾರಾದರೂ ಎತ್ತಿಯಾರೆ?